ಶಾಲೆಯ ಗುಣಮಟ್ಟ ತಿಳಿಯಬೇಕೇ? ಮೊದಲು ಮಗುವಿನ ಕೈಗೆ ಒಂದು ಪುಟ ಕೊಡಿ

ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಹೆಮ್ಮೆಪಡುವ ಸಂಗತಿಯೇ. ಆದರೆ ಕಾಪುವಿನದೋ ಬೆಳ್ತಂಗಡಿಯದೋ ಒಂದು ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಪೋಷಕರೂ ಇರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಈ ಸುದ್ದಿಯಿಂದ ತನ್ನ ಶಾಲೆಯ ಬಗ್ಗೆ ಏನೂ ತಿಳಿಯುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ ಮಗುವಿನ ಕಷ್ಟ ಫಲಿತಾಂಶದ ಪಟ್ಟಿಗೆ ಬರುವುದು ಆರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಅದಕ್ಕೇ ಅಳತೆ ಶಾಲೆಯೊಳಗೇ ನಡೆಯಬೇಕು, ಒಂದೊಂದು ಮಗುವಿನ ಹೆಸರು ಹಿಡಿದು ನಡೆಯಬೇಕು.

ಓದಿನ ಅಳತೆ

ಜೂನ್ ಮುಗಿಯುವುದರೊಳಗೆ ಇದನ್ನು ಮಾಡಿ ಮುಗಿಸಿ. ಜುಲೈಯಲ್ಲಿ ಮಳೆ ರಜೆ ಯಾವಾಗ ಬರುತ್ತದೆಂದು ಹೇಳಲಾಗದು. ನಾಲ್ಕು ಹಾಳೆ ಸಿದ್ಧಪಡಿಸಿಕೊಳ್ಳಿ: ಬಿಡಿ ಅಕ್ಷರಗಳು, ಸರಳ ಪದಗಳು, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಎಂಟು-ಹತ್ತು ವಾಕ್ಯದ ಕಥೆ. ಮೂರರಿಂದ ಏಳನೇ ತರಗತಿಯವರೆಗಿನ ಎಲ್ಲ ಮಕ್ಕಳಿಗೂ ಇವೇ ಹಾಳೆಗಳು ಸಾಕು.

ಮೊದಲು ನಾಲ್ಕು ವಾಕ್ಯದ ಹಾಳೆ ಕೊಡಿ. ಸಲೀಸಾಗಿ ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಗಳಿಗೆ ಇಳಿಯಿರಿ. ಐದು ಪದಗಳಲ್ಲಿ ನಾಲ್ಕು ಸರಿಯಾದರೆ ಮಗು ಪದದ ಹಂತದಲ್ಲಿದೆ ಎಂದರ್ಥ, ಇಲ್ಲವಾದರೆ ಅಕ್ಷರಗಳನ್ನು ತೋರಿಸಿ. ಮಗುವಿಗೆ ಐದು ನಿಮಿಷ ಬೇಕು. 42 ಮಕ್ಕಳಿದ್ದರೆ 210 ನಿಮಿಷ. ಇಬ್ಬರು ಶಿಕ್ಷಕರು ಎರಡು ಬೆಳಗ್ಗೆಯಲ್ಲಿ ಮುಗಿಸಬಹುದು. ಜಗಲಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ. ತರಗತಿಯ ಎದುರು ಓದಿಸಿದರೆ ನೀವು ಅಳೆಯುವುದು ಓದನ್ನಲ್ಲ, ಅಂಜಿಕೆಯನ್ನು.

ಎಡವಟ್ಟಾಗುವುದು ಮುಖ್ಯವಾಗಿ ಮೂರು ಕಡೆ. ಪಠ್ಯಪುಸ್ತಕದ ಪಾಠವನ್ನೇ ಕೊಟ್ಟರೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದರಲ್ಲಿ. ಅನುಮಾನ ಬಂದರೆ ಸಾಲಿನ ನಡುವಿನ ಪದಕ್ಕೆ ಬೆರಳಿಟ್ಟು ಕೇಳಿ. ಎರಡನೆಯದಾಗಿ, ತಮ್ಮ ತರಗತಿಯನ್ನು ತಾವೇ ಪರೀಕ್ಷಿಸುವ ಶಿಕ್ಷಕರು ಗೊತ್ತಿಲ್ಲದೆಯೇ ತುಟಿಯಲ್ಲಿ ಸುಳಿವು ಕೊಟ್ಟುಬಿಡುತ್ತಾರೆ. ಐದರವರು ನಾಲ್ಕನ್ನು, ನಾಲ್ಕರವರು ಐದನ್ನು ನೋಡಲಿ. ಮೂರನೆಯದು ನಮ್ಮ ಊರಿಗೇ ವಿಶೇಷ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಗು ಕನ್ನಡದ ಕಥೆಯನ್ನು ಗಡಗಡ ಓದಿ, ‘ಕಥೆಯಲ್ಲಿ ಏನಾಯಿತು?’ ಎಂದಾಗ ಸುಮ್ಮನಿರಬಹುದು. ‘ತುಳುಟ್ಟೇ ಪಣ್ಲ’ ಎಂದು ಹೇಳಿ ನೋಡಿ. ತುಳುವಿನಲ್ಲಿ ಹೇಳಿದರೆ ಅರ್ಥವಾಗಿದೆ, ಬೇಕಾದದ್ದು ಕನ್ನಡದಲ್ಲಿ ಮಾತನಾಡುವ ಅಭ್ಯಾಸ. ತುಳುವಿನಲ್ಲೂ ಹೇಳದಿದ್ದರೆ ಓದು ಬರಿಯ ಸದ್ದು. ಎರಡಕ್ಕೂ ಮದ್ದು ಬೇರೆ ಬೇರೆ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳದು ಇದಕ್ಕೆ ತಿರುವುಮುರುವು. ಮಾತು ಅಚ್ಚಗನ್ನಡ, ಆದರೆ ಊರಿಗೆ ಹೋಗಿಬರುವಾಗ ತಿಂಗಳುಗಟ್ಟಲೆ ಪಾಠ ತಪ್ಪಿರುತ್ತದೆ. ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ಇವರ ಫಲಿತಾಂಶ ಓದಿ.

ನಿಮಿಷಕ್ಕೆ ಇಷ್ಟು ಪದ ಓದಬೇಕೆಂಬ ಲೆಕ್ಕವನ್ನು ಕನ್ನಡಕ್ಕೆ ಕಣ್ಣುಮುಚ್ಚಿ ಹಚ್ಚಬೇಡಿ. ‘ಬರೆದುಕೊಂಡಿದ್ದಾಳೆ’ ಎಂಬುದೂ ಒಂದೇ ಪದ. ಅದಕ್ಕಿಂತ ತಪ್ಪಿನ ಬಗೆಯನ್ನು ಬರೆದಿಟ್ಟುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ: ದೀರ್ಘ ಬಿಟ್ಟದ್ದೇ, ಒತ್ತಕ್ಷರ ನುಂಗಿದ್ದೇ, ಪ-ಷ, ಬ-ಭ ಅದಲುಬದಲಾದದ್ದೇ?

ಗಣಿತಕ್ಕೆ ಎರಡೇ ಲೆಕ್ಕ ಸಾಕು: ದಶಕ ತೆಗೆದುಕೊಳ್ಳುವ ಎರಡಂಕಿಯ ಕಳೆಯುವಿಕೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಶೇಕಡಾವಾರು ಬರೆಯಬೇಡಿ, ಹೆಸರು ಬರೆಯಿರಿ. ‘ಶೇ. 60 ಮಕ್ಕಳು ಓದುತ್ತಾರೆ’ ಎಂದರೆ ಸಭೆ ತಲೆಯಾಡಿಸಿ ಎದ್ದುಹೋಗುತ್ತದೆ. ನಾಲ್ಕನೇ ತರಗತಿಯ 18 ಮಕ್ಕಳಲ್ಲಿ 7 ಮಂದಿ ಕಥೆ, 4 ವಾಕ್ಯ, 4 ಪದ, 3 ಅಕ್ಷರದ ಹಂತದಲ್ಲಿದ್ದಾರೆ, ಪದ ಮತ್ತು ಅಕ್ಷರದಲ್ಲೇ ಉಳಿದ ಏಳು ಮಂದಿ ಇಂಥಿಂಥವರು ಎಂದು ಪಟ್ಟಿಯಿದ್ದರೆ ಮರುದಿನ ಬೆಳಗ್ಗೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ಈ ಪಟ್ಟಿ ಶಿಕ್ಷಕರ ಕೈಯಲ್ಲಿರಲಿ, ಗೋಡೆಯ ಮೇಲೆ ಬೇಡ.

ಪಾಠಕ್ಕೆ ಸಿಕ್ಕ ಸಮಯ

ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ವರ್ಷಕ್ಕೆ ಒಂದರಿಂದ ಐದನೇ ತರಗತಿಗೆ 200 ದಿನ, 800 ಗಂಟೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ ಬೋಧನೆ ನಡೆಯಬೇಕು. ಕರಾವಳಿಯಲ್ಲಿ ರೆಡ್ ಅಲರ್ಟ್ ರಜೆಗಳೇ ಇದರಲ್ಲಿ ಒಂದು ಪಾಲು ತಿನ್ನುತ್ತವೆ. ಶನಿವಾರ ಮಧ್ಯಾಹ್ನದ ತರಗತಿಯಿಂದ ದಿನದ ಲೆಕ್ಕ ಸರಿಹೋಗುತ್ತದೆ, ಗಂಟೆಯ ಲೆಕ್ಕವನ್ನು ಬೇರೆಯಾಗಿಯೇ ನೋಡಬೇಕು. ಒಂದು ವಾರ, ಪ್ರತಿ ಅವಧಿಯಲ್ಲಿ ಪಾಠ ಶುರುವಾದ ಮತ್ತು ಮುಗಿದ ಹೊತ್ತು ಬರೆದಿಡಿ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದ ದಿನ, ಆನ್‌ಲೈನ್ ಮಾಹಿತಿ ತುಂಬಿದ ದಿನ ಎಷ್ಟು ನಷ್ಟವಾಯಿತೆಂದು ಲೆಕ್ಕ ಹೇಳಲಿ. ಇದು ಶಿಕ್ಷಕರ ಮೇಲಿನ ದೂರಲ್ಲ. ಗೌರವ ಶಿಕ್ಷಕರು (ಗೌರವಧನದ ಮೇಲೆ ತಾತ್ಕಾಲಿಕವಾಗಿ ಕಲಿಸುವವರು) ಬೇಕೆಂದು ಕೇಳಲು ಇದಕ್ಕಿಂತ ಗಟ್ಟಿ ಆಧಾರ ಸಿಗದು.

ತರಗತಿ ವೀಕ್ಷಣೆಗೆ ಇಪ್ಪತ್ತು ನಿಮಿಷ ಹಿಂದೆ ಕೂತು, ಬಾಯಿ ತೆರೆದ ಮಕ್ಕಳ ಹೆಸರಿಗೆ ಗೆರೆ ಹಾಕುತ್ತಾ ಹೋಗಿ. ಎಲ್ಲ ಗೆರೆಗಳೂ ಮುಂದಿನ ಬೆಂಚಿನ ನಾಲ್ಕು ಹೆಸರುಗಳ ಮುಂದೆಯೇ ಬಿದ್ದಿದ್ದರೆ ತಿದ್ದಬೇಕಾದದ್ದು ಅದೇ.

ಮಾಡು, ಬಾವಿ, ಊಟ

ಹಂಚಿನ ಮಾಡಿನ (ಛಾವಣಿಯ) ಶಾಲೆಯಲ್ಲಿ ಮೊದಲ ಜಡಿಮಳೆಯ ದಿನ ಒಂದು ಸೀಮೆಸುಣ್ಣ ಹಿಡಿದು ಸುತ್ತಿ, ನೆಲ ಒದ್ದೆಯಾದಲ್ಲೆಲ್ಲ ಗುರುತು ಹಾಕಿ. ಮಳೆ ಬಿಟ್ಟಾಗ ಗುರುತಿನ ಮೇಲ್ಭಾಗದ ಹಂಚು, ರೀಪು (ಹಂಚು ಕೂರುವ ಅಡ್ಡಪಟ್ಟಿ), ಪಕ್ಕಾಸು (ಇಳಿಜಾರಿನ ಮರ) ನೋಡಿ. ನೀರು ಪಕ್ಕಾಸಿನುದ್ದಕ್ಕೂ ಹರಿದು ಬೀಳುವುದರಿಂದ ಒಡೆದ ಹಂಚು ಗುರುತಿಗಿಂತ ಒಂದೆರಡು ಸಾಲು ಮೇಲಿರುವುದೇ ಹೆಚ್ಚು. ಮೇ ತಿಂಗಳಲ್ಲೇ ತರಗೆಲೆ ತೆಗೆಸಿ, ಮಾಡಿಗೆ ಬಾಗಿದ ಕೊಂಬೆ ಕಡಿಸಿ. ಒದ್ದೆ ಗೋಡೆಯ ಶಾಲೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಇರಲೇಬೇಕು.

ಬಾವಿ ನೀರಿಗೆ ಬ್ಲೀಚಿಂಗ್ ಪುಡಿಯನ್ನು ಅಂದಾಜಿನಲ್ಲಿ ಸುರಿಯುವುದು ಎಲ್ಲೆಡೆ ಕಾಣುವ ತಪ್ಪು. ಬಾವಿಯ ವ್ಯಾಸದ ವರ್ಗವನ್ನು ನೀರಿನ ಆಳದಿಂದ ಗುಣಿಸಿ, ಅದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ (ಅಳತೆ ಮೀಟರಿನಲ್ಲಿ). ವ್ಯಾಸ 3, ನೀರು 4 ಮೀಟರ್ ಇದ್ದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಪುಡಿ 2.5 ಗ್ರಾಂ, ಅಂದರೆ ಒಟ್ಟು 70 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಬಾವಿಗೆ ಬಿಟ್ಟು, ಒಂದು ಗಂಟೆ ನೀರು ಸೇದಬೇಡಿ. ಆಮೇಲೆ ಪರೀಕ್ಷೆಯಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅದೇ ಕ್ಲೋರಿನ್ ನುಂಗುತ್ತದೆ, ಪುಡಿ ಹೆಚ್ಚು ಬೇಕಾಗುತ್ತದೆ.

ಬಿಸಿಯೂಟದಲ್ಲಿ ಐದನೇ ತರಗತಿಯವರೆಗೆ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ; ಆರರಿಂದ ಎಂಟಕ್ಕೆ 150, 30, 75. ಒಂದು ದಿನ ತಕ್ಕಡಿ ಹಿಡಿಯಿರಿ, ತಟ್ಟೆಯಲ್ಲಿ ಉಳಿದದ್ದನ್ನೂ ತೂಗಿ.

ಯೋಜನೆ

ಶಾಲೆ ತನ್ನನ್ನು ತಾನೇ ಅಳೆದುಕೊಳ್ಳುವ ‘ಶಾಲಾ ಸಿದ್ಧಿ’ಯ ಚೌಕಟ್ಟಿನಲ್ಲಿ 7 ಕ್ಷೇತ್ರ, 46 ಮಾನಕಗಳಿವೆ, ಪ್ರತಿಯೊಂದಕ್ಕೂ ಮೂರು ಹಂತ. ಅದು ಹಾಳಾಗುವುದು ಮುಖ್ಯೋಪಾಧ್ಯಾಯರೊಬ್ಬರೇ ಒಂದು ಸಂಜೆ ಕೂತು ತುಂಬಿದಾಗ. ಪ್ರತಿ ಹಂತದ ಪಕ್ಕದಲ್ಲಿ ಆಧಾರ ಬರೆಯಿರಿ: ಓದಿನ ಪಟ್ಟಿ, ಸಮಯದ ಲೆಕ್ಕ, ನೀರಿನ ಪರೀಕ್ಷೆ. ಆಧಾರವಿಲ್ಲದ ಕಡೆ ಒಂದನೇ ಹಂತ ಎಂದೇ ಹಾಕಿ.

ವರ್ಷಕ್ಕೆ ಎರಡೇ ಗುರಿ. ಒಂದಂತೂ ಓದೇ ಆಗಿರಲಿ. ಆಗಸ್ಟ್‌ನಿಂದ ದಿನಕ್ಕೊಂದು ಗಂಟೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಮರೆತು, ಓದಿನ ಹಂತದ ಪ್ರಕಾರ ಗುಂಪು ಮಾಡಿ. ಅಕ್ಷರದ ಗುಂಪಿಗೆ ಅತ್ಯಂತ ಅನುಭವಿ ಶಿಕ್ಷಕರೇ ಬೇಕು. ಆ ಗುಂಪನ್ನು ಹೊಸಬರಿಗೆ ವಹಿಸಿದಲ್ಲೇ ಈ ಪ್ರಯತ್ನ ಸೋಲುವುದು. ಅಲ್ಲಿ ಕಾಗುಣಿತ ಪಟ್ಟಿ, ಅಕ್ಷರ ಚೀಟಿಯಿಂದ ಪದ ಕಟ್ಟುವುದು, ಮಗು ಹೇಳಿದ ವಾಕ್ಯವನ್ನೇ ಹಲಗೆಯ ಮೇಲೆ ಬರೆದು ಓದಿಸುವುದು. ಮೂರು ವಾರಕ್ಕೊಮ್ಮೆ ಅಳೆದು ಮಗುವನ್ನು ಮುಂದಿನ ಗುಂಪಿಗೆ ಕಳಿಸಿ. ಗುಂಪು ಬದಲಾಗದೆ ಉಳಿದರೆ ಅದು ದಡ್ಡರ ಬೆಂಚಾಗುತ್ತದೆ, ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ.

ಹಣಕ್ಕೆ ನಮ್ಮಲ್ಲಿ ಮುಂಬೈ, ಗಲ್ಫಿನ ಹಳೆ ವಿದ್ಯಾರ್ಥಿಗಳಿದ್ದಾರೆ. ಶತಮಾನೋತ್ಸವ ಬಂತೆಂದರೆ ದ್ವಾರ, ರಂಗಮಂದಿರ, ಬಣ್ಣ ಎಲ್ಲವೂ ಬರುತ್ತದೆ, ಅವರ ಪ್ರೀತಿ ದೊಡ್ಡದು. ಅವರ ಮುಂದೆ ಓದಿನ ಪಟ್ಟಿಯ ಅಂಕಿಗಳನ್ನು (ಹೆಸರುಗಳನ್ನಲ್ಲ) ಇಟ್ಟು, ಒಬ್ಬ ಗೌರವ ಶಿಕ್ಷಕಿಯ ಮೂರು ವರ್ಷದ ಸಂಬಳ, ಶೌಚಾಲಯ ತೊಳೆಯುವವರ ಕೂಲಿ, ಸಣ್ಣ ಕಥೆಪುಸ್ತಕಗಳನ್ನು ಕೇಳಿ. ದ್ವಾರಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು, ಸಂಬಳ ತಿಂಗಳು ತಿಂಗಳು ಬೇಕು. ಆದ್ದರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಪೋಷಕರ ಸಭೆಗೆ ದಿನ ಆರಿಸುವಾಗ ಅವರ ಕೆಲಸ ನೋಡಿ. ಬೀಡಿ ಕಟ್ಟುವ ತಾಯಂದಿರು ಬ್ರಾಂಚಿಗೆ (ಕಟ್ಟಿದ ಬೀಡಿ ಒಪ್ಪಿಸುವ ಜಾಗಕ್ಕೆ) ಹೋಗುವ ಹೊತ್ತು ತಪ್ಪಿಸಿ. ಮಲ್ಪೆ, ಗಂಗೊಳ್ಳಿಯ ಕಡೆ ಜೂನ್ 1ರಿಂದ ಜುಲೈ 31ರ ಯಾಂತ್ರಿಕ ಮೀನುಗಾರಿಕೆ ನಿಷೇಧದಲ್ಲಿ ತಂದೆಯಂದಿರು ಮನೆಯಲ್ಲಿರುತ್ತಾರೆ, ಮೊದಲ ಸಭೆ ಆಗಲೇ ಆಗಲಿ. ಎರಡನೇ ಅಳತೆ ನವೆಂಬರಿನಲ್ಲಿ, ಮೂರನೆಯದು ಫೆಬ್ರವರಿಯಲ್ಲಿ, ಅವೇ ಹಂತಗಳು, ಬೇರೆ ಕಥೆ. ಪ್ರತಿ ಸಲವೂ ತಾಯಿಯನ್ನೋ ತಂದೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಮಗುವಿನಿಂದಲೇ ಆ ಪುಟ ಓದಿಸಿ.