ಸಂತೆಕಟ್ಟೆಯ ಮೇಲೆ ಯಾರೂ ಕೂರಲಿಲ್ಲ

ಮದ್ದೂರು ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದಕ್ಕೆ ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ (ಪಿಡಿಒ) ಬಂದಾಗ ಅಲ್ಲಿನ ವಾರದ ಸಂತೆ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ, ಮಳೆಗೆ ಕೆಸರು, ಬಿಸಿಲಿಗೆ ದೂಳು ಎಂಬಂತೆ ನಡೆಯುತ್ತಿತ್ತು. ಸಂತೆ ಸುಧಾರಿಸಿದರೆ ಸುತ್ತಲಿನ ರೈತರಿಗೂ ಪಂಚಾಯಿತಿಯ ಆದಾಯಕ್ಕೂ ಅನುಕೂಲವೆಂದು ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಿದೆ. ಉದ್ಯೋಗ ಖಾತ್ರಿಯಡಿ ಸಂತೆಕಟ್ಟೆ ಕಟ್ಟುವುದೆಂದು ತೀರ್ಮಾನವಾಯಿತು. ಆ ಯೋಜನೆಯಲ್ಲಿ ಕೂಲಿ ಮತ್ತು ಸಾಮಗ್ರಿಯ ವೆಚ್ಚ 60:40ರ ಅನುಪಾತದಲ್ಲಿರಬೇಕಿತ್ತು. ಸಿಮೆಂಟು, ಕಬ್ಬಿಣ, ಶೀಟು ಬೇಡುವ ಕಟ್ಟೆಯಲ್ಲಿ ಸಾಮಗ್ರಿಯ ಪಾಲೇ ಹೆಚ್ಚು. ಆದ್ದರಿಂದ ಅದೇ ವರ್ಷ ಕೂಲಿಯೇ ಹೆಚ್ಚಿರುವ, ಕೆರೆ ಹೂಳೆತ್ತುವ, ಹೊಲಗಳಿಗೆ ಬದು ಹಾಕುವ ಕಾಮಗಾರಿಗಳನ್ನು ಹೆಚ್ಚಾಗಿ ಕೈಗೆತ್ತಿಕೊಂಡು ಲೆಕ್ಕ ಸರಿದೂಗಿಸಿದೆವು. ಕಾಗದದ ಮೇಲೆ ಎಲ್ಲವೂ ಚೊಕ್ಕಟವಾಗಿತ್ತು.

ಉದ್ಘಾಟನೆಯಾದ ಮರುವಾರ ಹೋಗಿ ನೋಡಿದರೆ ಕಟ್ಟೆಗಳ ಮೇಲೆ ನಾಯಿಗಳು ಮಲಗಿದ್ದವು. ಮಾರುವವರು ಎಂದಿನಂತೆ ಅವುಗಳ ಬುಡದಲ್ಲಿ ಗೋಣಿತಾಟು ಹಾಸಿ ಕುಳಿತಿದ್ದರು. ಸೊಪ್ಪು ಮಾರುತ್ತಿದ್ದ ಹಿರಿಯರೊಬ್ಬರನ್ನು ಕಾರಣ ಕೇಳಿದೆ.

"ಅಷ್ಟೆತ್ತರ ಹತ್ತಿ ಇಳಿಯಾಕೆ ನನ್ನ ಮಂಡಿ ಕೇಳ್ತದಾ ಸಾ? ನಿಮ್ಮನ್ನ ಕಟ್ಟೆ ಯಾರು ಕೇಳಿದ್ರು? ಹೊತ್ತಾರೆಯಿಂದ ಕುಂತಿರ್ತೀವಿ, ಹೆಣ್ಣೈಕ್ಳು ಒಂದಕ್ಕೆ ಎಲ್ಲಿಗೆ ಹೋಗಾದು, ಅದ ಹೇಳಿ ಮೊದ್ಲು."

ನಕ್ಷೆ ತಂದವರು ಎಂಜಿನಿಯರು, ಒಪ್ಪಿದವನು ನಾನು. ಪ್ರತಿ ವಾರ ಅದೇ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿದ್ದ ನನಗೇ ಆ ಪ್ರಶ್ನೆ ಹೊಳೆದಿರಲಿಲ್ಲ. ಆ ಬಳಿಕ ಎರಡು ವಾರ ಬಿಲ್ ಕಲೆಕ್ಟರನ್ನು ಜೊತೆಗೆ ಕೂರಿಸಿಕೊಂಡು ಕತ್ತಲಾಗುವವರೆಗೆ ಅಲ್ಲೇ ಕುಳಿತೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋದವರ ಬಸ್ಸು ಬರುವುದು ಸಂಜೆ ಆರರ ನಂತರ. ಕಬ್ಬು ಕಡಿಯುವವರೂ ಗದ್ದೆಯಿಂದ ಏರಿಗೆ ಬರುವುದು ಆಗಲೇ. ಕೈಯಲ್ಲಿ ಕಾಸಿರುವ ಗಿರಾಕಿ ಬರುವ ಹೊತ್ತಿಗೆ ಬೆಳಕಿಲ್ಲದೆ, ಮಾರುವವರು ಉಳಿದ ಟೊಮೆಟೊವನ್ನು ಸಿಕ್ಕ ಬೆಲೆಗೆ ಸುರಿದು ಏಳುತ್ತಿದ್ದರು.

ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು; ಶೌಚಾಲಯ ಮತ್ತು ನಲ್ಲಿ ಅದರಿಂದ ಬಂದವು. ದೀಪಗಳನ್ನು ಪಂಚಾಯಿತಿಯ ಸ್ವಂತ ಆದಾಯದಿಂದ ಹಾಕಿಸಿದೆವು. ಶೌಚಾಲಯದ ಬೀಗದ ಕೈಯನ್ನು ಸ್ವಸಹಾಯ ಸಂಘದ ಮಹಿಳೆಯರಿಗೆ ಕೊಡದೆ ಹೋಗಿದ್ದರೆ ಅದೂ ಒಂದೇ ತಿಂಗಳಿಗೆ ಪಾಳು ಬೀಳುತ್ತಿತ್ತು.

ಹೆಚ್ಚು ಜಗಳವಾದದ್ದು ಸುಂಕದ ವಿಷಯದಲ್ಲಿ. ಸುಂಕ ವಸೂಲಿಯ ಹಕ್ಕನ್ನು ಪಂಚಾಯಿತಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ಗೊತ್ತುಪಡಿಸಿದ ದರ ಒಂದು, ಗುತ್ತಿಗೆದಾರ ಕಿತ್ತುಕೊಳ್ಳುತ್ತಿದ್ದುದು ಇನ್ನೊಂದು. ಎರಡು ಕಟ್ಟು ಕೊತ್ತಂಬರಿ ತಂದವರಿಗೂ ಟೆಂಪೋ ತುಂಬ ಈರುಳ್ಳಿ ತಂದವರಿಗೂ ಒಂದೇ ಮಾತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಎಂಬ ಗಾದೆಯನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದರಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಬಾಗಿಲಲ್ಲೇ ನಿಲ್ಲಿಸಿದೆವು, ಪಂಚಾಯಿತಿ ಮೊಹರಿನ ಕ್ರಮಸಂಖ್ಯೆಯಿರುವ ರಸೀದಿ ಕಡ್ಡಾಯ ಮಾಡಿದೆವು. ನನ್ನನ್ನು ವರ್ಗ ಮಾಡಿಸುವ ಮಾತೂ ಬಂತು. ಆದರೆ ದೀಪ ಬಂದ ಮೇಲೆ ಮಾರುವವರ ಸಾಲು ಏರಿಯವರೆಗೆ ಬೆಳೆದಿದ್ದರಿಂದ, ಮುಂದಿನ ಹರಾಜಿನಲ್ಲಿ ಅದೇ ಗುತ್ತಿಗೆದಾರರು ಹಿಂದಿನದಕ್ಕಿಂತ ಹೆಚ್ಚು ಕೂಗಿದರು.

ಕಟ್ಟೆಗಳಲ್ಲಿ ಎರಡರ ಮೇಲೆ ಈಗ ಮಡಕೆ ಮಾರುವವರು ಸಾಮಾನು ಜೋಡಿಸುತ್ತಾರೆ. ಉಳಿದವು ಗಿರಾಕಿಗಳು ಚೀಲವಿಟ್ಟು ದಣಿವಾರಿಸಿಕೊಳ್ಳುವ ಜಾಗವಾಗಿವೆ. ನಲ್ಲಿಯ ನೀರು ಹರಿದುಹೋಗಲು ಚರಂಡಿ ಮಾಡುವುದನ್ನು ಮರೆತಿದ್ದೆವು. ಸೊಪ್ಪಿನವರ ಮುಂದೆಯೇ ಕೆಸರಾಗುತ್ತಿದ್ದರಿಂದ ಅದನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಿದೆವು. ಯಾವ ಕಡೆಗೆ ಇಳಿಜಾರು ಕೊಡಬೇಕೆಂದು ಈ ಸಲ ಅವರನ್ನೇ ಕೇಳಿ ಗುರುತು ಹಾಕಿಸಿದೆ.