ದೊಡ್ಡ ಹುಡುಗರ ಕ್ಲಾಸಿಗೆ ಹೋಗಲು ನನಗೆ ಏಳು ವರ್ಷ ಬೇಕಾಯಿತು

ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಶಾಲೆಗಳಲ್ಲಿ ಏಳು ವರ್ಷ ಸಣ್ಣ ಮಕ್ಕಳಿಗೆ 'ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ' ಹೇಳಿಕೊಟ್ಟೆ. ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಮಾಡಿಸಿದೆ. ಕೆಲಸ ಇಷ್ಟೇ ಅಂದುಕೊಂಡಿದ್ದೆ.

ಒಂದು ದಿನ ಒಂದು ಶಾಲೆಯಿಂದ ಫೋನ್. ಒಂಬತ್ತನೇ ಕ್ಲಾಸಿನ ಹುಡುಗ ತಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಸಣ್ಣ ಹುಡುಗಿಯ ಜೊತೆ ಮಾಡಬಾರದ್ದು ಮಾಡಿದ್ದ. "ಮೇಡಂ, ಟಿಸಿ ಕೊಟ್ಟು ಕಳಿಸ್ತೀವಿ. ಸುಮ್ನೆ ದೊಡ್ಡದು ಮಾಡೋದು ಬೇಡ" ಅಂದರು. ಹಾಗೆ ಮುಚ್ಚಿಡಲು ಬರುವುದಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ನಾನೇ ತಿಳಿಸಿದೆ. ಹುಡುಗನನ್ನು ಲಾಕಪ್ಪಿಗೆ ಹಾಕುವ ಹಾಗಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಇದನ್ನು ಅವನ ಅಮ್ಮನಿಗೆ ನಾಲ್ಕು ಸಲ ಹೇಳಿದೆ. ಆಕೆಗೆ ಅಳುವಿನಲ್ಲಿ ಯಾವುದೂ ಕೇಳಿಸಲಿಲ್ಲ.

ಆಮೇಲೆ ಆ ಲೈನಿಗೆ ಹೋದೆ. ಕಾಫಿ ಕುಯ್ಲಿನ ಸಮಯ. ಅಪ್ಪ ಅಮ್ಮ ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಸಂಜೆಗೆ. ಸಣ್ಣವರನ್ನು ನೋಡಿಕೊಳ್ಳುವುದು ಸ್ವಲ್ಪ ದೊಡ್ಡವರು. ನಾನೋ, ಆರು ವರ್ಷದ ಮಗುವಿಗೆ 'ಬೇಡ ಅನ್ನು' ಅಂತ ಕಲಿಸುತ್ತಿದ್ದೆ. ಹದಿನಾಲ್ಕರ ಹುಡುಗನಿಗೆ ಒಂದು ಮಾತೂ ಹೇಳಿರಲಿಲ್ಲ!

ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿ, ಕುಯ್ಲು ಮುಗಿಯುವವರೆಗೆ ಒಬ್ಬ ಅಜ್ಜಿಗೆ ಕೂಲಿ ಕೊಟ್ಟು ಲೈನಿನಲ್ಲೇ ಕೂರಿಸಿದೆವು. ನನ್ನ ಲೆಕ್ಕದಲ್ಲಿ ನೂರು ಪೋಸ್ಟರಿಗಿಂತ ಅದೇ ವಾಸಿ.

'ಒಮ್ಮೆ ಹೀಗೆ ಮಾಡಿದವನು ಮತ್ತೆ ಮಾಡೇ ಮಾಡ್ತಾನೆ' ಅಂತ ಊರಿನವರು ಹೇಳುತ್ತಿದ್ದರು. ನಾನೂ ನಂಬಿದ್ದೆ. ಆದರೆ 2016ರಲ್ಲಿ ಹೊರದೇಶದಲ್ಲಿ 106 ಅಧ್ಯಯನಗಳನ್ನು ಸೇರಿಸಿ ನೋಡಿದ್ದಾರೆ. ಇಂಥ ಕೇಸಿನ 33,000ಕ್ಕೂ ಜಾಸ್ತಿ ಹದಿಹರೆಯದವರಲ್ಲಿ, ಮತ್ತೆ ಲೈಂಗಿಕ ಅಪರಾಧದಲ್ಲಿ ಸಿಕ್ಕಿಬಿದ್ದವರು ನೂರಕ್ಕೆ ಐದರಷ್ಟು. ಸಿಕ್ಕಿಬೀಳದವರು ಈ ಲೆಕ್ಕದಲ್ಲಿಲ್ಲ, ನಿಜ. ಆದರೂ ಹುಡುಗನನ್ನು ಕೈಬಿಡಲು ಕಾರಣ ಉಳಿಯಲಿಲ್ಲ, ಅಲ್ವಾ?

ಈಗ ಎಂಟು, ಒಂಬತ್ತನೇ ಕ್ಲಾಸಿಗೂ ಹೋಗುತ್ತೇನೆ. "ಐದು ವರ್ಷದ ಮಗು ಹೂಂ ಅಂದರೆ ಅದು ಒಪ್ಪಿಗೆಯಾ?" ಅಂತ ಶುರು ಮಾಡುತ್ತೇನೆ. ಮೊದಲು ನಗು, ಆಮೇಲೆ ಮೌನ. ಪ್ರಶ್ನೆ ಬರೆದು ಹಾಕಲು ಹಳೇ ಬಿಸ್ಕತ್ ಡಬ್ಬ ಇಡುತ್ತೇನೆ. ಹೆಸರು ಬೇಡ. ಜಾಸ್ತಿ ಚೀಟಿ ಮೊಬೈಲಿನಲ್ಲಿ ನೋಡಿದ್ದರ ಬಗ್ಗೆ. ಒಂದರಲ್ಲಿ ಮಾತ್ರ, "ನನಗೂ ಚಿಕ್ಕವನಿದ್ದಾಗ ಹೀಗೆ ಆಗಿತ್ತು. ಯಾರಿಗೆ ಹೇಳೋದು?"

ಅಂದಿನಿಂದ ಒಂದು ಬಸ್ಸು ಬಿಟ್ಟು ಶಾಲೆಯ ಜಗಲಿಯಲ್ಲಿ ಕೂರುತ್ತೇನೆ. ಮೂರನೇ ವಾರ ಒಬ್ಬ ಬಂದ. ಅವನು ಬಾಯಿ ತೆರೆಯುವ ಮೊದಲೇ ಹೇಳಿದೆ, "ನೀನು ಹೇಳೋದನ್ನ ನಾನು ಗುಟ್ಟಾಗಿ ಇಟ್ಕೊಳ್ಳೋಕೆ ಆಗಲ್ಲ ಕಣೋ." ಸ್ವಲ್ಪ ಹೊತ್ತು ಮಳೆ ನೋಡುತ್ತಾ ನಿಂತ. ಆಮೇಲೆ ಬ್ಯಾಗ್ ಕೆಳಗಿಟ್ಟು ಪಕ್ಕದಲ್ಲಿ ಕೂತ.