ಟ್ಯಾಂಪನೀಸ್ ಕಡೆ ಮನೆ ಹುಡುಕುವ ಕನ್ನಡಿಗರಿಗೆ

ಸಿಂಗಾಪುರಕ್ಕೆ ಕೆಲಸದ ಮೇಲೆ ಬರುವ ನಮ್ಮವರಲ್ಲಿ ಬಹಳ ಜನರ ಆಫೀಸು ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿರುತ್ತದೆ. ಹಾಗಾಗಿ ಮನೆ ಹುಡುಕಾಟವೂ ದ್ವೀಪದ ಪೂರ್ವ ತುದಿಯಲ್ಲೇ ಶುರುವಾಗುತ್ತದೆ. ಸಿಮೇ, ಬೆಡೋಕ್, ಪಾಸಿರ್ ರಿಸ್ ಎಲ್ಲ ಚೆನ್ನಾಗಿಯೇ ಇವೆ. ಆದರೆ ನನ್ನನ್ನು ಕೇಳಿದರೆ ಮೊದಲು ಟ್ಯಾಂಪನೀಸ್ ನೋಡಿ ಎನ್ನುತ್ತೇನೆ. ಅಲ್ಲಿ ಡೌನ್‌ಟೌನ್ ಲೈನ್ ರೈಲು ಹತ್ತಿದರೆ ಮೂರನೇ ಸ್ಟೇಷನ್ ಎಕ್ಸ್‌ಪೋ, ಇಳಿದರೆ ಆಫೀಸು. ಎದುರು ದಿಕ್ಕಿನ ರೈಲಿನಲ್ಲಿ ಕೂತರೆ ಎಲ್ಲೂ ಬದಲಿಸದೆ ಲಿಟಲ್ ಇಂಡಿಯಾ. ಕೆಲಸ ಈ ಕಡೆ ಇಟ್ಟುಕೊಂಡು ಪೇಟೆ ಮಧ್ಯೆ ಇರಬೇಕು ಅಂತ ಬಾಡಿಗೆ ಜಾಸ್ತಿ ಕೊಡುವುದು ಸುಮ್ನೆ ದಂಡ.

ಮನೆಗಳಲ್ಲಿ ಎರಡು ಜಾತಿ. ಒಂದು ಎಚ್‌ಡಿಬಿ, ಅಂದರೆ ಆ ಹೆಸರಿನ ಸರ್ಕಾರಿ ವಸತಿ ಮಂಡಳಿ ಕಟ್ಟಿಸಿದ ಫ್ಲಾಟು. ಇಲ್ಲಿನ ಮುಕ್ಕಾಲು ಪಾಲಿಗೂ ಹೆಚ್ಚು ಜನ ಇರುವುದು ಇದರಲ್ಲೇ. ಸರ್ಕಾರಿ ಕ್ವಾರ್ಟರ್ಸ್ ಅಂದುಕೊಂಡು ಮೂಗು ಮುರಿಯಬೇಡಿ. ಇನ್ನೊಂದು ಕಾಂಡೋ, ಅಂದರೆ ಖಾಸಗಿ ಅಪಾರ್ಟ್‌ಮೆಂಟು. ಈಜುಕೊಳ, ಜಿಮ್, ಗೇಟಿನಲ್ಲಿ ಸೆಕ್ಯುರಿಟಿ, ಅದಕ್ಕೆ ತಕ್ಕ ಬಾಡಿಗೆ. ಮಕ್ಕಳು ದಿನಾ ಈಜುತ್ತಾರೆ ಎಂದರೆ ಸರಿ, ಇಲ್ಲದಿದ್ದರೆ ಎಚ್‌ಡಿಬಿ ಸಾಕು. ಜಾಹೀರಾತಿನಲ್ಲಿ 3 ರೂಮ್ ಎಂದಿದ್ದರೆ ಮೂರು ಬೆಡ್‌ರೂಮ್ ಅಲ್ಲ, ಇವರು ಹಾಲನ್ನೂ ಸೇರಿಸಿ ಎಣಿಸುತ್ತಾರೆ. ಅಂದರೆ ನಮ್ಮ ಲೆಕ್ಕದಲ್ಲಿ ಅದು 2 ಬಿಎಚ್‌ಕೆ. 4 ರೂಮ್ ಎಂದರೆ 3 ಬಿಎಚ್‌ಕೆ, ಸುಮಾರು 90 ಚದರ ಮೀಟರ್. ಗಂಡ, ಹೆಂಡತಿ, ಒಂದು ಮಗು, ಆಗಾಗ ಬರುವ ಅಪ್ಪ ಅಮ್ಮ ಇದ್ದರೆ ಇದೇ ಸರಿಯಾದ ಅಳತೆ.

ಎಚ್‌ಡಿಬಿಗೆ ಕಟ್ಟಳೆ ಜಾಸ್ತಿ. 6 ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವಂತಿಲ್ಲ. ನಮ್ಮಂಥ ವಿದೇಶಿಯರಿಗೆ ಒಂದು ಸಲಕ್ಕೆ ಹೆಚ್ಚೆಂದರೆ 2 ವರ್ಷ. ನಿಮ್ಮ ವರ್ಕ್ ಪಾಸಿನಲ್ಲೂ, ಅಂದರೆ ಇಲ್ಲಿ ಕೆಲಸ ಮಾಡುವ ಪರವಾನಗಿಯಲ್ಲೂ, ಕನಿಷ್ಠ 6 ತಿಂಗಳು ಬಾಕಿ ಇರಬೇಕು. ಇಡೀ ಫ್ಲಾಟು ಬಾಡಿಗೆಗೆ ಪಡೆಯುವ ವಿದೇಶಿಯರಿಗೆ ಕೋಟಾ ಬೇರೆ ಇದೆ, ಒಂದು ಬ್ಲಾಕಿನಲ್ಲಿ 11 ಶೇಕಡಾ, ಸುತ್ತಲಿನ ಬಡಾವಣೆಯಲ್ಲಿ 8 ಶೇಕಡಾ. ಇದರಲ್ಲಿ ಮಲೇಷ್ಯಾದವರನ್ನು ಎಣಿಸುವುದಿಲ್ಲ. ಮನೆ ಮೆಚ್ಚಿ ಮಾತು ಮುಗಿದ ಮೇಲೆ ಕೋಟಾ ತುಂಬಿದೆ ಎಂದು ಗೊತ್ತಾದರೆ ಹೇಗಿರುತ್ತೆ? ಅದಕ್ಕೇ ಮನೆ ನೋಡಲು ಹೋಗುವ ಮೊದಲೇ ಏಜೆಂಟರಿಗೆ ಈ ಪ್ರಶ್ನೆ ಕೇಳಿ. ಒಳಗೆ ಸೇರಿಕೊಂಡ ಮೇಲೆ ನಿಮ್ಮ ಹೆಸರು ಬಾಡಿಗೆದಾರರ ಪಟ್ಟಿಯಲ್ಲಿದೆಯೇ ಎಂದು ಎಚ್‌ಡಿಬಿ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು. ನೋಡಲೇಬೇಕು.

ಏಜೆಂಟರ ಬಗ್ಗೆ ಎರಡು ಮಾತು. ಪ್ರತಿಯೊಬ್ಬ ಏಜೆಂಟರೂ ಸಿಇಎ ಎಂಬ ಸರ್ಕಾರಿ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಅವರ ಫೋನ್ ನಂಬರನ್ನು ಸಿಇಎ ಪಟ್ಟಿಯಲ್ಲಿ ಹಾಕಿದರೆ ಹೆಸರು ಬರುತ್ತದೆ. ಬರಲಿಲ್ಲವೋ, ಅಲ್ಲಿಗೆ ಬಿಟ್ಟುಬಿಡಿ. ಬೆಂಗಳೂರಿನಲ್ಲಿ ಕೂತೇ ವಾಟ್ಸಾಪಿನಲ್ಲಿ ಫೋಟೋ ನೋಡಿ, "ಇನ್ನಿಬ್ಬರು ಕಾಯ್ತಿದ್ದಾರೆ" ಎಂಬ ಮಾತಿಗೆ ಹೆದರಿ ಹಣ ಕಳಿಸಿ ಮೋಸ ಹೋದವರು ಇದ್ದಾರೆ. ಎಚ್‌ಡಿಬಿ ಬಾಡಿಗೆಯ ದುಡ್ಡನ್ನು ಏಜೆಂಟರು ಮುಟ್ಟುವಂತೆಯೇ ಇಲ್ಲ, ಅದು ನೇರ ಓನರ್ ಖಾತೆಗೆ ಹೋಗಬೇಕು. ಒಬ್ಬನೇ ಏಜೆಂಟ್ ಎರಡೂ ಕಡೆಯಿಂದ ಕಮಿಷನ್ ತಿನ್ನುವಂತೆಯೂ ಇಲ್ಲ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿಗಿಂತ ಇಲ್ಲಿ ಆರಾಮ. ಸಾಮಾನ್ಯವಾಗಿ ವರ್ಷಕ್ಕೆ ಒಂದು ತಿಂಗಳ ಲೆಕ್ಕ, 2 ವರ್ಷದ ಕರಾರಿಗೆ 2 ತಿಂಗಳ ಬಾಡಿಗೆ. ಸ್ಟಾಂಪ್ ಡ್ಯೂಟಿ ಕಟ್ಟುವವರು ನೀವು. 4 ವರ್ಷದೊಳಗಿನ ಕರಾರಾದರೆ ಒಟ್ಟು ಬಾಡಿಗೆಯ 0.4 ಶೇಕಡಾ. ತಿಂಗಳಿಗೆ 3,000 ಡಾಲರ್ ಎಂದಿಟ್ಟುಕೊಳ್ಳಿ, 2 ವರ್ಷಕ್ಕೆ 72,000 ಆಯಿತು, ಡ್ಯೂಟಿ 288 ಡಾಲರ್. ಸಹಿ ಹಾಕಿದ 14 ದಿನದೊಳಗೆ ಕಟ್ಟಬೇಕು.

ಕರಾರಿನಲ್ಲಿ ನಾನು ಬೆರಳಿಟ್ಟು ಓದಿ ಎನ್ನುವುದು ಡಿಪ್ಲೊಮ್ಯಾಟಿಕ್ ಕ್ಲಾಜ್. ಕೆಲಸ ಹೋಗಿ, ಅಥವಾ ಬೇರೆ ದೇಶಕ್ಕೆ ವರ್ಗವಾಗಿ ಸಿಂಗಾಪುರ ಬಿಡಬೇಕಾಗಿ ಬಂದರೆ, ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ 2 ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು ಎನ್ನುವ ಷರತ್ತು ಅದು. ಇಲ್ಲಿ ಕೆಲಸ ಹೋದರೆ ಪಾಸೂ ರದ್ದಾಗುತ್ತದೆ, ಉಳಿದ ತಿಂಗಳ ಬಾಡಿಗೆ ತಲೆ ಮೇಲೆ ಕೂತರೆ ಕಷ್ಟ. ಕರಾರಿನಲ್ಲಿ ಇದು ಇಲ್ಲದಿದ್ದರೆ ಸೇರಿಸಲು ಕೇಳಿ. "ಓನರ್ ಒಳ್ಳೆಯವರು, ಆಮೇಲೆ ನೋಡ್ಕೊಳ್ಳೋಣ" ಎಂಬ ನಮ್ಮೂರ ಧೈರ್ಯ ಇಲ್ಲಿ ಬೇಡ. ಓನರ್ ಒಳ್ಳೆಯವರೇ ಇರಬಹುದು, ಆದರೆ ಕೊನೆಗೆ ಮಾತಾಡುವುದು ಕಾಗದ.

ಅಡುಗೆ ವಿಚಾರವೂ ಹಾಗೇ. ಕೆಲವು ಜಾಹೀರಾತಿನಲ್ಲಿ "ಲೈಟ್ ಕುಕಿಂಗ್ ಮಾತ್ರ" ಎಂದಿರುತ್ತದೆ. ಕೆಲವು ಓನರ್‌ಗಳು ನಾವು ಭಾರತದವರು ಎಂದು ತಿಳಿದ ಕೂಡಲೇ ಉತ್ತರ ಕೊಡುವುದನ್ನೇ ನಿಲ್ಲಿಸುತ್ತಾರೆ. ಬೇಜಾರಾಗುತ್ತದೆ, ಆದರೆ ಅಂಥ ಮನೆಯ ಹಿಂದೆ ಬೀಳಬೇಡಿ. ದಿನಾ ಒಗ್ಗರಣೆ ಹಾಕುತ್ತೇವೆ, ವಾರಕ್ಕೊಮ್ಮೆ ಪೂರಿ ಕರಿಯುತ್ತೇವೆ ಎಂದು ಮೊದಲೇ ಹೇಳಿಬಿಡಿ. ಒಪ್ಪಿದವರ ಮನೆಯಲ್ಲಿ ಎರಡು ವರ್ಷ ನೆಮ್ಮದಿಯಾಗಿ ಇರಬಹುದು. ಮುಚ್ಚಿಟ್ಟು ಸೇರಿಕೊಂಡರೆ ಇಂಗಿನ ವಾಸನೆಯೇ ಚಾಡಿ ಹೇಳುತ್ತದೆ.

ಕೀಲಿ ಕೈಗೆ ಬಂದ ದಿನ ಸಾಮಾನು ತರುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ. ಹಗಲು ಬೆಳಕಿನಲ್ಲಿ, ನಿಧಾನವಾಗಿ. ಎಸಿಗಳನ್ನೆಲ್ಲ ಅರ್ಧ ಗಂಟೆ ಓಡಿಸಿ, ಕೆಳಗೆ ನೀರು ತೊಟ್ಟಿಕ್ಕುತ್ತದೆಯೇ ನೋಡಿ. ಒಲೆ ಮೇಲಿನ ಚಿಮಣಿಯ ಜಾಲರಿ ಬಿಚ್ಚಿ ಒಳಗಿನ ಎಣ್ಣೆ ಜಿಡ್ಡಿನ ಫೋಟೋ ತೆಗೆಯಿರಿ. ಕಪಾಟಿನ ಹಿಂಬದಿಗೆ ಟಾರ್ಚ್ ಬಿಟ್ಟು ಬೂಸಲು ಹುಡುಕಿ, ಈ ಸೆಕೆಗೆ ಅದು ಸಾಮಾನ್ಯ. ಅಡುಗೆಮನೆ ಕಟ್ಟೆ ಬಿಳಿ ಕಲ್ಲಿನದಾದರೆ ಅರಿಶಿನದ ಕಲೆ ಮೊದಲೇ ಇತ್ತೋ ಇಲ್ಲವೋ ಎಂಬುದು ಬಿಟ್ಟು ಹೋಗುವಾಗ ದೊಡ್ಡ ವಾದವಾಗುತ್ತದೆ. ಎಲ್ಲವನ್ನೂ ಅವತ್ತೇ ಓನರ್‌ಗೆ ಇಮೇಲ್ ಮಾಡಿ. ಎಸಿ ಸರ್ವೀಸ್ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ, ಖರ್ಚು ನಿಮ್ಮದೇ, ರಸೀದಿ ಎತ್ತಿಡಿ. ಸಣ್ಣ ರಿಪೇರಿಯಲ್ಲಿ ಮೊದಲ ಇಷ್ಟು ಡಾಲರ್ ನಿಮ್ಮದು ಎಂದು ಕರಾರಿನಲ್ಲಿ ಬರೆದಿರುತ್ತದೆ. ಆ ಮೊತ್ತ ಎಷ್ಟೆಂದು ಸಹಿಗೆ ಮೊದಲೇ ಚೌಕಾಸಿ ಮಾಡಿ.

ಹೊಸ ಫ್ಲಾಟುಗಳಲ್ಲಿ ಕಬ್ಬಿಣದ ದಪ್ಪ ಬಾಗಿಲಿನ ಒಂದು ಪುಟ್ಟ ಕೋಣೆ ಕಾಣುತ್ತದೆ. ಯುದ್ಧ ಬಂದರೆ ಅಡಗಲು ಕಟ್ಟಿದ್ದು. ಎಲ್ಲರೂ ಅದನ್ನು ಉಗ್ರಾಣ ಮಾಡಿಕೊಂಡಿದ್ದಾರೆ, ನಮ್ಮವರಲ್ಲಿ ಕೆಲವರಿಗೆ ಅದೇ ದೇವರ ಮನೆ. ಗೋಡೆ ಒಡೆಯುವುದು, ಬಾಗಿಲು ಕಳಚುವುದು ಕಾನೂನಿಗೆ ವಿರುದ್ಧ. ದೀಪ ಹಚ್ಚಿದಾಗ ಬಾಗಿಲು ತೆರೆದೇ ಇರಲಿ.

ತುಳಸಿ ಗಿಡ ಇಡುವವರು ಕೇಳಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಇಲ್ಲಿ ಡೆಂಗಿ ವರ್ಷಪೂರ್ತಿ ಇರುತ್ತದೆ, ಎನ್‌ಇಎ ಎಂಬ ಸರ್ಕಾರಿ ಪರಿಸರ ಸಂಸ್ಥೆಯ ಅಧಿಕಾರಿಗಳು ಮನೆಗೇ ಬಂದು ನೋಡುತ್ತಾರೆ, ಸೊಳ್ಳೆ ಮರಿ ಸಿಕ್ಕರೆ ದಂಡ. ಬ್ಲಾಕಿನ ಕೆಳಗೆ ಕೆಂಪು ಬ್ಯಾನರ್ ಕಟ್ಟಿದ್ದರೆ ಸುತ್ತ 10 ಅಥವಾ ಹೆಚ್ಚು ಪ್ರಕರಣ ಇವೆ ಎಂದರ್ಥ. ಕಾರಿಡಾರಿನಲ್ಲಿ ಗಿಡ, ಚಪ್ಪಲಿ ಸ್ಟ್ಯಾಂಡ್ ಇಟ್ಟರೂ ಓಡಾಡಲು 1.2 ಮೀಟರ್ ಜಾಗ ಬಿಡಬೇಕು. ರಾತ್ರಿ ಹತ್ತೂವರೆ ಆದಮೇಲೆ ಮಿಕ್ಸಿ ಬೇಡ. ಹಗಲಲ್ಲಿ ತಲೆ ಮೇಲೆ ಯುದ್ಧವಿಮಾನ ಗುಡುಗಿದರೆ ಗಾಬರಿಯಾಗಬೇಡಿ, ಪಾಯಾ ಲೇಬರ್ ವಾಯುನೆಲೆ ಇಲ್ಲೇ ಹತ್ತಿರ. ಚೀನೀಯರ ಪಂಚಾಂಗದ ಏಳನೇ ತಿಂಗಳಲ್ಲಿ ಹಿರಿಯರಿಗೆಂದು ಕೆಳಗೆ ಕಾಗದ ಸುಡುತ್ತಾರೆ, ನಮ್ಮ ಪಿತೃಪಕ್ಷದ ಹಾಗೆ. ಹೊಗೆ ಬಂದರೆ ಕಿಟಕಿ ಹಾಕಿಕೊಳ್ಳಿ, ಜಗಳಕ್ಕೆ ಹೋಗಬೇಡಿ.

ತರಕಾರಿಗೆ ಸ್ಟ್ರೀಟ್ 11ರ ರೌಂಡ್ ಮಾರ್ಕೆಟ್‌ಗೆ ಬೆಳಿಗ್ಗೆಯೇ ಹೋಗಿ. ಇಲ್ಲಿ ಬೆಳಕಾಗುವುದೇ ಏಳಕ್ಕೆ, ವರ್ಷವಿಡೀ ಹಾಗೇ. ಇಂಥ ಮಾರ್ಕೆಟ್‌ಗಳಲ್ಲಿ ತೆಂಗಿನಕಾಯಿಯನ್ನು ಕಣ್ಣೆದುರೇ ತುರಿದು ಕೊಡುತ್ತಾರೆ. ಉಳಿದ ದಿನಸಿಗೆ ಲಿಟಲ್ ಇಂಡಿಯಾದ ಟೆಕ್ಕಾ ಮಾರ್ಕೆಟ್. ಸೆರಂಗೂನ್ ರಸ್ತೆಯಲ್ಲಿ ನಮ್ಮ ಎಂಟಿಆರ್ ಕೂಡ ಇದೆ, ಭಾನುವಾರ ಸರದಿಗೆ ತಯಾರಾಗಿ ಹೋಗಿ. ಈ ಕಡೆಯ ದೇವಸ್ಥಾನ ಎಂದರೆ ಚಾಂಗಿ ವಿಲೇಜಿನ ಶ್ರೀರಾಮರ ಗುಡಿ.

ಮಕ್ಕಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿದರೆ ಎರಡನೇ ಭಾಷೆಯಾಗಿ ತಮಿಳು, ಹಿಂದಿ ಸಿಗುತ್ತದೆ, ಕನ್ನಡ ಇಲ್ಲ. ಅದಕ್ಕೆ ಮನೆಯೇ ಗತಿ, ಜೊತೆಗೆ ಸಿಂಗಾಪುರದ ಕನ್ನಡ ಸಂಘ. ಸಂಘದ ಪರಿಚಯದಿಂದ ಇನ್ನೊಂದು ಲಾಭವೂ ಇದೆ. ವಾಪಸ್ ಊರಿಗೆ ಹೊರಟವರ ಗ್ರೈಂಡರ್, ಸೋಫಾ, ದೋಸೆ ಕಾವಲಿ ಅಗ್ಗಕ್ಕೆ ಸಿಗುತ್ತವೆ. ಊರಿಂದ ಮಿಕ್ಸಿ ತಂದರೂ ತೊಂದರೆಯಿಲ್ಲ, ಕರೆಂಟು ಇಲ್ಲೂ 230 ವೋಲ್ಟೇ. ಪ್ಲಗ್ಗಿನ ಪಿನ್ನು ಮಾತ್ರ ಚಪ್ಪಟೆ, ಅಡಾಪ್ಟರ್ ಕೊಂಡರೆ ಆಯಿತು.